ತೀರ್ಥಹಳ್ಳಿಯವರ ಚೀಟಿ ಮಾತ್ರ ಯಾಕೆ ಕೆಡುತ್ತಿದೆ? ಸಿ ಭಾಷೆ ಗೊತ್ತಿರುವವರು ಸ್ವಲ್ಪ ನೋಡಿ

ಮಂಡಿ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಎರಡನೇ ವರ್ಷ. ನಮ್ಮ ಮಾವನದ್ದು ಅಡಿಕೆ ಮಂಡಿ. ತೂಕದ ಚೀಟಿ ಕೈಯಲ್ಲಿ ಬರೆದು ಬರೆದು ಸಾಕಾಗಿದೆ, ನೀನೇ ಏನಾದರೂ ಮಾಡಿಕೊಡು ಅಂದರು. ನನಗೆ ಬರುವುದು ಸಿ ಒಂದೇ, ಅದರಲ್ಲೇ ಬರೆದೆ. ಚೀಟಿ ಕನ್ನಡದಲ್ಲೇ ಇರಬೇಕು ಅಂತ ಮಾವ ಹಟ ಹಿಡಿದಿದ್ದರು, ಅದೂ ಆಯಿತು. ಲಿನಕ್ಸ್, ಕಂಪೈಲರ್ ಜಿಸಿಸಿ.

ಒಂದು ಸ್ಟ್ರಕ್ಚರ್ ಇದೆ, ಒಂದು ಚೀಟಿಯ ವಿವರವೆಲ್ಲ ಒಟ್ಟಿಗೆ ಇಡುವ ಕಟ್ಟು. ಬೆಳೆಗಾರರ ಹೆಸರಿಗೆ 100 ಚಾರ್ ಜಾಗ, ಊರಿಗೆ 100, ತಾಲ್ಲೂಕಿಗೆ 30, ಅದರ ಕೆಳಗೇ ಮಾಲಿಗೆ (ರಾಶಿ, ಬೆಟ್ಟೆ ಹೀಗೆ ಅಡಿಕೆಯ ಬಗೆ) 30, ಆಮೇಲೆ ತೂಕಕ್ಕೆ ಡಬಲ್ (ದಶಮಾಂಶ ಸಂಖ್ಯೆ). ಇದೇ ಕ್ರಮದಲ್ಲಿ ಸ್ಟ್ರ್‌ಕಾಪಿ ಮಾಡಿ ತುಂಬುತ್ತೇನೆ. ಚೀಟಿ ಪ್ರಿಂಟ್ ಆದ ಮೇಲೆ ಎಫ್‌ರೈಟ್ ಮಾಡಿ ಫೈಲಿಗೆ ಹಾಕುತ್ತೇನೆ.

ಶಿವಮೊಗ್ಗ, ಭದ್ರಾವತಿ, ಸಾಗರ, ಸೊರಬ, ಶಿಕಾರಿಪುರ, ಹೊಸನಗರ ಎಲ್ಲಾ ಸರಿ ಬರುತ್ತಿದೆ. ತೀರ್ಥಹಳ್ಳಿ ಕಡೆಯವರು ರಾಶಿ ತಂದರೆ ತಾಲ್ಲೂಕಿನ ಜಾಗದಲ್ಲಿ "ತೀರ್ಥಹಳ್ಳಿರಾಶಿ" ಅಂತ ಬರುತ್ತದೆ. ಬೆಟ್ಟೆ ತಂದರೆ "ತೀರ್ಥಹಳ್ಳಿಬೆಟ್ಟೆ". ಮಾಲಿನ ಜಾಗದಲ್ಲಿ ಮಾತ್ರ ರಾಶಿ, ಬೆಟ್ಟೆ ಸರಿಯಾಗೇ ಇದೆ. ಎಣಿಸಿದರೆ ತೀರ್ಥಹಳ್ಳಿ ನಾಲ್ಕೇ ಅಕ್ಷರ. ಶಿಕಾರಿಪುರ ಐದು ಅಕ್ಷರ, ಅದು ಸರಿ ಇದೆ! 30 ಜಾಗ ಕೊಟ್ಟಿದ್ದೇನೆ. ಎರಡು ದಿನದಿಂದ ತಲೆ ಕೆಟ್ಟುಹೋಗಿದೆ.

ಜೋಗದ ಗಾಳಿ
30 ತೆಗೆದು 100 ಹಾಕು. ಮುಗೀತು.

ಕೊಡಚಾದ್ರಿ
ಕಂಪೈಲರ್ ತೊಂದರೆ ಇರಬಹುದು. ಒಂದು ಸಲ ತೆಗೆದು ಹೊಸದಾಗಿ ಹಾಕಿ ನೋಡು.

ಕೊಪ್ಪದ ಅಕ್ಕ
ಕಂಪೈಲರ್ ಸರಿಯಾಗೇ ಇದೆ, ಅದನ್ನು ಮುಟ್ಟಬೇಡ ತಮ್ಮಾ.

ನೀನು ಎಣಿಸಿದ್ದು ಕಣ್ಣಿಗೆ ಕಾಣುವ ಅಕ್ಷರ. ಸಿ ಎಣಿಸುವುದು ಬೈಟ್. ಯುಟಿಎಫ್-8ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಮಾಡಿ ಇಡುವ ಕ್ರಮದಲ್ಲಿ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಚಿಹ್ನೆ ಅಂದರೆ ವ್ಯಂಜನ ಒಂದು, ಅದರ ಗುಣಿತ ಒಂದು, ಒತ್ತು ಬರಲು ನಡುವೆ ಹಾಕುವ ಹಲಂತ ಇನ್ನೊಂದು. ತೀರ್ಥಹಳ್ಳಿ ಬಿಡಿಸೋಣ. ತ, ದೀರ್ಘ ಈಕಾರ, ರ, ಹಲಂತ, ಥ, ಹ, ಳ, ಹಲಂತ, ಳ, ಇಕಾರ. ಹತ್ತು. ಹತ್ತು ಮೂರಲೆ ಮೂವತ್ತು.

ನೀನು ಕೊಟ್ಟಿದ್ದೂ ಸರಿಯಾಗಿ 30. ಹಾಗಾದರೆ ಹೆಸರು ಮುಗಿಯಿತು ಅಂತ ತೋರಿಸುವ ಕೊನೆಯ ಸೊನ್ನೆಗೆ ಜಾಗ ಎಲ್ಲಿದೆ?

ಉಳಿದ ತಾಲ್ಲೂಕು ಲೆಕ್ಕ ಹಾಕಿದೆ. ಸಾಗರ 12, ಸೊರಬ 12, ಹೊಸನಗರ 18, ಶಿವಮೊಗ್ಗ 24, ಭದ್ರಾವತಿ 24, ಶಿಕಾರಿಪುರ 27. ಇಡೀ ಜಿಲ್ಲೆಯಲ್ಲಿ 30 ಮುಟ್ಟುವುದು ತೀರ್ಥಹಳ್ಳಿ ಒಂದೇ. ಅದಕ್ಕೇ ಅದೊಂದೇ ಕೆಟ್ಟಿದ್ದು.

ತುಂಗಾತೀರ
ಅಬ್ಬಾ! ನಮ್ಮೂರಿನ ಹೆಸರು ಇಷ್ಟು ಉದ್ದ ಅಂತ ಇವತ್ತೇ ಗೊತ್ತಾಗಿದ್ದು.

ಮಂಡಿ ಹುಡುಗ
ಅಕ್ಕಾ, ಈಗ ಅರ್ಥ ಆಯಿತು. ಆದರೆ ಸೊನ್ನೆಗೆ ಜಾಗ ಇಲ್ಲದಿದ್ದರೆ ಪ್ರೋಗ್ರಾಂ ನಿಂತುಹೋಗಬೇಕಿತ್ತು ಅಲ್ವಾ? ಸುಮ್ನೆ ಮುಂದಕ್ಕೆ ಹೋಗಿ ರಾಶಿ ಯಾಕೆ ಎಳೆದುಕೊಂಡು ಬಂತು?

ಲ್ಯಾಬ್ ಮೇಷ್ಟ್ರು
ನಾನು ಹತ್ತಾರು ವರ್ಷದಿಂದ ಸಿ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಮಕ್ಕಳೂ ಎಡವುವುದು ಇಲ್ಲೇ.

ಸಿ ಭಾಷೆಯಲ್ಲಿ ಸ್ಟ್ರಿಂಗ್ ಅಂತ ಬೇರೆ ವಸ್ತು ಇಲ್ಲ. ಬೈಟ್‌ಗಳ ಸಾಲು, ಸಾಲಿನ ಕೊನೆಗೆ ಒಂದು ಸೊನ್ನೆ. ಉದ್ದ ಎಷ್ಟು ಅಂತ ಎಲ್ಲೂ ಬರೆದಿಟ್ಟಿರುವುದಿಲ್ಲ. ಅಡಿಕೆ ಮೂಟೆ ತುಂಬುವಾಗ ಬಾಯಿ ಹೊಲಿಯುವುದಕ್ಕೆ ಮೇಲೆ ಒಂದು ಗೇಣು ಬಿಡುತ್ತೀರಿ ಅಲ್ವಾ? ಕಂಠಮಟ್ಟ ತುಂಬಿದರೆ ದಬ್ಬಣ ಎಲ್ಲಿ ಹಾಕುತ್ತೀರಿ? ಸೊನ್ನೆ ಅಂದರೆ ಆ ಹೊಲಿಗೆ. ಉದ್ದ ಎಣಿಸುವ ಸ್ಟ್ರ್‌ಲೆನ್ ಹೊಲಿಗೆಯನ್ನು ಎಣಿಸುವುದಿಲ್ಲ, ಅದರ ಹಿಂದೆ ಇರುವ ಮಾಲು ಮಾತ್ರ ಎಣಿಸುತ್ತದೆ. ಜಾಗ ಕೊಡುವಾಗ ಮಾತ್ರ ಹೊಲಿಗೆಯದ್ದೂ ಸೇರಿಸಿ ಕೊಡಬೇಕು.

ನಿನ್ನ ಚೀಟಿಯಲ್ಲಿ ಆಗಿದ್ದು ಇಷ್ಟು. ಸ್ಟ್ರ್‌ಕಾಪಿ 30 ಬೈಟ್ ತುಂಬಿತು. ಸೊನ್ನೆಯನ್ನು 31ನೇ ಜಾಗಕ್ಕೆ ಹಾಕಿತು. ಅದು ತಾಲ್ಲೂಕಿನದ್ದಲ್ಲ, ಕೆಳಗಿನ ಮಾಲಿನ ಮೊದಲನೇ ಜಾಗ. ಚಾರ್ ಸಾಲುಗಳ ನಡುವೆ ಕಂಪೈಲರ್ ಇಲ್ಲಿ ಖಾಲಿ ಜಾಗ ಬಿಡುವುದಿಲ್ಲ, ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಆಮೇಲೆ ನೀನು ಮಾಲು ತುಂಬಿದೆ. ಸೊನ್ನೆ ಇದ್ದ ಜಾಗದ ಮೇಲೆ ರಾಶಿಯ ಮೊದಲನೇ ಬೈಟ್ ಬಂದು ಕೂತಿತು. ಪ್ರಿಂಟ್ಎಫ್ ತಾಲ್ಲೂಕು ಓದಲು ಹೊರಟಿತು, ಸೊನ್ನೆ ಸಿಗಲಿಲ್ಲ, ನಡೆಯುತ್ತಾ ನಡೆಯುತ್ತಾ ರಾಶಿಯ ಕೊನೆಗೆ ಸಿಕ್ಕಿದ ಸೊನ್ನೆಯಲ್ಲಿ ನಿಂತಿತು.

ಬೈಟ್ ಒಂದೊಂದಾಗಿ ಪ್ರಿಂಟ್ ಮಾಡಿ ನೋಡು. ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಆಗುಂಬೆ ಘಾಟಿ
ಮೇಷ್ಟ್ರು ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಅವನು ಮೊದಲು ಮಾಲು ತುಂಬಿ ಆಮೇಲೆ ತಾಲ್ಲೂಕು ತುಂಬಿದ್ದರೆ ಚೀಟಿಯಲ್ಲಿ ಮಾಲಿನ ಜಾಗ ಪೂರ್ತಿ ಖಾಲಿ ಬರುತ್ತಿತ್ತು. ಅದೇ ತಪ್ಪು, ಮುಖ ಬೇರೆ.

ಮಂಡಿ ಹುಡುಗ
ಮೇಷ್ಟ್ರೇ, ಮಾಡಿ ನೋಡಿದೆ. ಮೊದಲು -32, -78, -92 ಅಂತ ಬಂತು. ಮೈನಸ್ ಯಾಕೆ ಅಂತ ಗಾಬರಿಯಾಯಿತು. ಆಮೇಲೆ ಅನ್‌ಸೈನ್ಡ್ ಚಾರ್ (ಮೈನಸ್ ಇಲ್ಲದ್ದು) ಮಾಡಿದ ಮೇಲೆ 224, 178, 164. ಅದು "ತ". 28, 29, 30ನೇ ಜಾಗದಲ್ಲಿ 224, 178, 191. ಅದು ಕೊನೆಯ ಇಕಾರ. 31ರಲ್ಲಿ 0 ಇರಬೇಕಿತ್ತು, 224 ಇದೆ. ರಾಶಿಯ "ರ" ಅಲ್ಲಿಂದಲೇ ಶುರು!

ಲ್ಯಾಬ್ ಮೇಷ್ಟ್ರು
ಸರಿಯಾಗಿ ಹಿಡಿದೆ. ಕನ್ನಡದ ಯಾವ ಚಿಹ್ನೆ ತೆಗೆದುಕೊಂಡರೂ ಮೊದಲ ಬೈಟ್ 224, ಎರಡನೆಯದು 178 ಇಲ್ಲವೇ 179. ಇನ್ನು ಮೇಲೆ ಮೆಮೊರಿಯಲ್ಲಿ ಕನ್ನಡ ಎಲ್ಲಿದ್ದರೂ ಗುರುತು ಹಿಡಿಯುತ್ತೀಯ.

ತುಂಗಾತೀರ
ಸ್ಟ್ರ್‌ಕಾಪಿ ಬಿಟ್ಟು ಸ್ಟ್ರ್‌ಎನ್‌ಕಾಪಿ ಹಾಕು. 30 ಅಂತ ಮಿತಿ ಕೊಡು. ಜಾಸ್ತಿ ಆದರೂ ಅಲ್ಲೇ ನಿಲ್ಲಿಸುತ್ತದೆ. ನಮಗೆ ಕಾಲೇಜಲ್ಲಿ ಇದೇ ಸೇಫ್ ಅಂತ ಹೇಳಿಕೊಟ್ಟಿದ್ದು.

ಕೊಪ್ಪದ ಅಕ್ಕ
ಇಲ್ಲ, ಇಲ್ಲ. ದಯವಿಟ್ಟು ಇದನ್ನು ಮಾಡಬೇಡ.

ಸ್ಟ್ರ್‌ಎನ್‌ಕಾಪಿಗೆ 30 ಅಂದರೆ 30 ಬೈಟ್ ಹಾಕಿ ಕೈ ತೊಳೆದುಕೊಳ್ಳುತ್ತದೆ. ಮಿತಿಯೊಳಗೆ ಸೊನ್ನೆ ಬರದಿದ್ದರೆ ತಾನಾಗಿ ಹಾಕುವುದೇ ಇಲ್ಲ. ತೀರ್ಥಹಳ್ಳಿಗೆ ಮತ್ತೆ ಅದೇ "ತೀರ್ಥಹಳ್ಳಿರಾಶಿ" ಬರುತ್ತದೆ. ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಹಳೇ ಯೂನಿಕ್ಸ್‌ನಲ್ಲಿ ಫೈಲ್ ಹೆಸರಿಗೆ 14 ಬೈಟ್‌ನ ಗೊತ್ತಾದ ಕಟ್ಟು ಇತ್ತು. ಹೆಸರು ಚಿಕ್ಕದಾದರೆ ಉಳಿದದ್ದಕ್ಕೆಲ್ಲ ಸೊನ್ನೆ, ಸರಿಯಾಗಿ 14 ಇದ್ದರೆ ಸೊನ್ನೆ ಬೇಡ. ಆ ಕಟ್ಟು ತುಂಬುವುದಕ್ಕೆ ಬಂದದ್ದು ಇದು. ಸ್ಟ್ರಿಂಗ್ ಕಾಯುವುದಕ್ಕೆ ಬಂದದ್ದಲ್ಲ.

ತುಂಗಾತೀರ
ಹಾಗಾದರೆ 29 ಕೊಟ್ಟು 30ನೇ ಜಾಗಕ್ಕೆ ನಾವೇ ಸೊನ್ನೆ ಹಾಕಿದರೆ?

ಕೊಪ್ಪದ ಅಕ್ಕ
ಸೊನ್ನೆ ಸಿಗುತ್ತದೆ, ಊರು ಮುಕ್ಕಾಗುತ್ತದೆ. ಕೊನೆಯ ಇಕಾರದ ಮೂರು ಬೈಟ್‌ನಲ್ಲಿ ಎರಡು ಮಾತ್ರ ಉಳಿಯುತ್ತದೆ. "ತೀರ್ಥಹಳ್ಳ" ಆದ ಮೇಲೆ ಒಂದು ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ. ಇಂಗ್ಲಿಷಿನಲ್ಲಿ ಕತ್ತರಿಸಿದರೆ ಒಂದು ಅಕ್ಷರ ಹೋಗುತ್ತದೆ ಅಷ್ಟೇ. ಕನ್ನಡದಲ್ಲಿ ಅಕ್ಷರವೇ ಸೀಳಿಹೋಗುತ್ತದೆ. ರೈತರು ಕೈಯಲ್ಲಿ ಹಿಡಿದುಕೊಂಡು ಹೋಗುವ ಚೀಟಿ ಅದು. ಅವರ ಊರಿನ ಹೆಸರು ಹಾಗೆ ಬರಬಾರದು.

ತುಂಗಾತೀರ
ಒಪ್ಪಿದೆ ಅಕ್ಕಾ. ನನ್ನ ಹಳೇ ಪ್ರಾಜೆಕ್ಟ್ ತೆಗೆದು ನೋಡಬೇಕು ಈಗ. ಅದರಲ್ಲಿ ಎಲ್ಲಾ ಕಡೆ ಹೀಗೇ ಮಾಡಿದ್ದೇನೆ.

ಜೋಗದ ಗಾಳಿ
ಅದಕ್ಕೇ ಮೊದಲೇ ಹೇಳಿದ್ದು, 100 ಹಾಕು ಅಂತ. ಒಂದು ಸಾಲಿಗೆ ಇಷ್ಟುದ್ದ ಚರ್ಚೆ ಎಂಥಕ್ಕೆ ಮಾರಾಯ್ರೇ?

ಸಾಗರದವನು
100 ಹಾಕಿದರೆ ಇವತ್ತಿಗೆ ಸರಿ. ನಾಳೆ 101 ಬೈಟ್ ಬಂದರೆ? ಎಷ್ಟು ಬೇಕೋ ಅಷ್ಟೇ ಜಾಗ ಮ್ಯಾಲಕ್ ಮಾಡಿ (ಓಡುವಾಗಲೇ ಮೆಮೊರಿ ಕೇಳಿ) ತೆಗೆದುಕೊಳ್ಳುವುದು ಸರಿಯಾದ ದಾರಿ. ಸ್ಟ್ರಕ್ಚರ್‌ನಲ್ಲಿ ಚಾರ್ ಪಾಯಿಂಟರ್ ಇಡು, ಅಂದರೆ ಹೆಸರು ಇರುವ ಜಾಗದ ವಿಳಾಸ. ಹೆಸರಿನ ಸ್ಟ್ರ್‌ಲೆನ್ ನೋಡಿ ಅಷ್ಟು ಮ್ಯಾಲಕ್ ಮಾಡಿ ಅಲ್ಲಿಗೆ ಕಾಪಿ ಮಾಡು. ನಾನು ಬೆಂಗಳೂರಿನಲ್ಲಿ ದಿನಾ ಮಾಡುವ ಕೆಲಸ ಇದೇ.

ಮಳೆಗಾಲ
ಇಷ್ಟೆಲ್ಲ ತಾಪತ್ರಯ ಬೇಕಾ? ಪೈಥಾನ್‌ನಲ್ಲಿ ಬರೆದರೆ ಸೊನ್ನೆಯೂ ಇಲ್ಲ, ಮ್ಯಾಲಕ್ಕೂ ಇಲ್ಲ.

ಆಗುಂಬೆ ಘಾಟಿ
ಪೈಥಾನ್‌ನಲ್ಲಿ ತೀರ್ಥಹಳ್ಳಿಯ ಉದ್ದ ಕೇಳಿ ನೋಡಿ. 10 ಅನ್ನುತ್ತದೆ. ಕಣ್ಣಿಗೆ ಕಾಣುವ ನಾಲ್ಕು ಅಲ್ಲಿಯೂ ಸಿಗುವುದಿಲ್ಲ. ಜಾಗದ ಚಿಂತೆ ಅದು ಹೊತ್ತುಕೊಳ್ಳುತ್ತದೆ, ಸರಿ. ಕನ್ನಡ ಅಕ್ಷರ ಅಂದರೆ ಏನು ಅನ್ನುವ ಚಿಂತೆ ನಮಗೇ ಉಳಿಯುತ್ತದೆ.

ಮಂಡಿ ಹುಡುಗ
ಸಾಗರದ ಅಣ್ಣ ಹೇಳಿದ ಹಾಗೆ ಮಾಡಿದೆ. ತೀರ್ಥಹಳ್ಳಿ ಸರಿಯಾಯಿತು! ರಾಶಿ ಅಂಟಿಕೊಂಡು ಬರುತ್ತಿಲ್ಲ. ಮಾವನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ಆದರೆ ಈಗ ಬೇರೆ ತೊಂದರೆ. ಇಲ್ಲಿಯವರೆಗೆ ಸರಿ ಇದ್ದ ಶಿವಮೊಗ್ಗ ಕೆಟ್ಟಿದೆ. "ಶಿವಮೊಗ್ಗ!" ಅಂತ ಬರುತ್ತಿದೆ. ಕೊನೆಗೆ ಆಶ್ಚರ್ಯಸೂಚಕ. ಭದ್ರಾವತಿಗೂ ಹಾಗೇ, "ಭದ್ರಾವತಿ!". ಉಳಿದ ಐದೂ ಸರಿ. ನನ್ನ ಇಡೀ ಪ್ರೋಗ್ರಾಂನಲ್ಲಿ ಆಶ್ಚರ್ಯಸೂಚಕ ಎಲ್ಲೂ ಟೈಪ್ ಮಾಡಿಲ್ಲ. ಹುಡುಕಿ ನೋಡಿದೆ.

ಕೊಡಚಾದ್ರಿ
ಕೀಬೋರ್ಡ್‌ನಲ್ಲಿ ಶಿಫ್ಟ್ ಒತ್ತಿಹೋಗಿರಬೇಕು.

ಮಂಡಿ ಹುಡುಗ
ಇಲ್ಲ ಅಣ್ಣ, ತಾಲ್ಲೂಕಿನ ಹೆಸರು ಪ್ರೋಗ್ರಾಂ ಒಳಗೇ ಬರೆದಿದ್ದೇನೆ. ಮೆನುವಿನಲ್ಲಿ 1ರಿಂದ 7 ಒತ್ತುವುದಷ್ಟೇ.

ಲ್ಯಾಬ್ ಮೇಷ್ಟ್ರು
ಮ್ಯಾಲಕ್‌ಗೆ ಎಷ್ಟು ಕೊಟ್ಟೆ? ಸ್ಟ್ರ್‌ಲೆನ್ ಅಷ್ಟೇನಾ, ಅದಕ್ಕೆ ಒಂದು ಕೂಡಿಸಿದೆಯಾ?

ಮಂಡಿ ಹುಡುಗ
ಸ್ಟ್ರ್‌ಲೆನ್ ಅಷ್ಟೇ... ಅಯ್ಯೋ. ಹೊಲಿಗೆ ಜಾಗ ಮತ್ತೆ ಬಿಟ್ಟುಹೋಯಿತು.

ಸಾಗರದವನು
ತಪ್ಪು ನನ್ನದು ತಮ್ಮಾ. ಒಂದು ಕೂಡಿಸಬೇಕು ಅಂತ ನಾನು ಬರೆಯಲೇ ಇಲ್ಲ. ದಿನಾ ಕೈ ತಾನಾಗಿ ಹಾಕುತ್ತದೆ, ಹೇಳುವಾಗ ಮರೆತೆ. ಕ್ಷಮಿಸು.

ಮಳೆಗಾಲ
ಅದಿರಲಿ, ಒಂದು ಬಿಟ್ಟುಹೋದರೆ ತೀರ್ಥಹಳ್ಳಿ ಯಾಕೆ ಕೆಡಲಿಲ್ಲ? ಶಿವಮೊಗ್ಗ ಯಾಕೆ ಕೆಟ್ಟಿತು? ಆಶ್ಚರ್ಯಸೂಚಕ ಎಲ್ಲಿಂದ ಬಂತು? ನನಗೆ ಈಗ ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನಿಸುತ್ತಿದೆ.

ಆಗುಂಬೆ ಘಾಟಿ
ಇದು ನನಗೆ ತುಂಬಾ ಇಷ್ಟವಾದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಓದಿ.

64 ಬಿಟ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಸಿ ಲೈಬ್ರರಿ ಅಂದರೆ ಗ್ನೂ ಅವರದ್ದು. ಅದರ ಮ್ಯಾಲಕ್ ನೀವು ಕೇಳಿದಷ್ಟೇ ಅಳೆದು ಕೊಡುವುದಿಲ್ಲ. 16 ಬೈಟ್‌ನ ಮೆಟ್ಟಿಲಲ್ಲಿ ಕೊಡುತ್ತದೆ. ಅತಿ ಚಿಕ್ಕ ತುಂಡು 32 ಬೈಟ್. ಅದರಲ್ಲಿ 8 ಬೈಟ್ ತನ್ನ ಲೆಕ್ಕ ಬರೆದುಕೊಳ್ಳುವುದಕ್ಕೆ. ನಿಮಗೆ ಸಿಗುವುದು 24. ಅದಕ್ಕಿಂತ ಒಂದು ಬೈಟ್ ಜಾಸ್ತಿ ಕೇಳಿದರೂ ಮುಂದಿನ ಮೆಟ್ಟಿಲು, 48ರ ತುಂಡು, ನಿಮಗೆ 40.

ಈಗ ತಾಲ್ಲೂಕು ನೋಡಿ. ತೀರ್ಥಹಳ್ಳಿಗೆ 30 ಕೇಳಿದ, 40 ಸಿಕ್ಕಿತು. ಸೊನ್ನೆ ಆರಾಮಾಗಿ ಕೂತಿತು. ತಪ್ಪು ಇದೆ, ಮುಚ್ಚಿಹೋಯಿತು. ಶಿಕಾರಿಪುರ 27, ಅದಕ್ಕೂ 40. ಸಾಗರ, ಸೊರಬ, ಹೊಸನಗರಕ್ಕೆ 24 ಸಿಕ್ಕಿತು, ಬೇಕಾಗಿದ್ದು ಕಡಿಮೆ. ಶಿವಮೊಗ್ಗ ಮತ್ತು ಭದ್ರಾವತಿ ಸರಿಯಾಗಿ 24. ಕೇಳಿದ್ದು 24, ಸಿಕ್ಕಿದ್ದು 24. ಸೊನ್ನೆ 25ನೇ ಜಾಗಕ್ಕೆ, ಅಂದರೆ ಪಕ್ಕದ ತುಂಡಿನ ಲೆಕ್ಕ ಬರೆಯುವ ಜಾಗಕ್ಕೆ ಹೋಯಿತು.

ಅದಾದ ಮೇಲೆ ಮಾಲಿಗೆ ಮ್ಯಾಲಕ್ ಮಾಡಿದ. ಆ ಹೊಸ ತುಂಡಿನ ಅಳತೆ 32. ಹಿಂದಿನ ತುಂಡು ಬಳಕೆಯಲ್ಲಿದೆ ಅಂತ ತೋರಿಸಲು ಅದಕ್ಕೆ 1 ಸೇರಿಸಿ 33 ಅಂತ ಮ್ಯಾಲಕ್ ಬರೆಯಿತು. ಸೊನ್ನೆಯ ಮೇಲೇ ಬರೆಯಿತು. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ನಂಬರ್ ಕೊಟ್ಟಿರುವ ಆಸ್ಕಿ ಪಟ್ಟಿಯಲ್ಲಿ 33 ಅಂದರೆ ಆಶ್ಚರ್ಯಸೂಚಕ. ಅದರ ಮುಂದಿನ ಬೈಟ್ ಸೊನ್ನೆ, ಅದಕ್ಕೇ ಅಲ್ಲಿಗೆ ನಿಂತಿತು.

ಪರೀಕ್ಷೆ ಮಾಡಬೇಕಾ? ಮಾಲಿಗೆ 40 ಬೈಟ್ ಮ್ಯಾಲಕ್ ಮಾಡಿ ನೋಡು. 48ಕ್ಕೆ 1 ಸೇರಿ 49 ಆಗುತ್ತದೆ. ಆಸ್ಕಿಯಲ್ಲಿ 49 ಅಂದರೆ "1". ಚೀಟಿಯಲ್ಲಿ "ಶಿವಮೊಗ್ಗ1" ಬರಬೇಕು.

ಮಂಡಿ ಹುಡುಗ
ಬಂತು!! "ಶಿವಮೊಗ್ಗ1". ಮೈ ಜುಂ ಅಂದಿತು ಸರ್. ಮ್ಯಾಲಕ್ ಒಳಗಿನ ಲೆಕ್ಕ ನಮ್ಮ ಚೀಟಿಯಲ್ಲಿ ಪ್ರಿಂಟ್ ಆಗಿದೆ.

ಕೊಪ್ಪದ ಅಕ್ಕ
ಎಷ್ಟು ಚೆಂದ ಹೇಳಿದಿರಿ. ಒಂದು ಮಾತು ಮಾತ್ರ ಎಲ್ಲರೂ ನೆನಪಿಡಿ. ಈ 24, 40 ಎಲ್ಲ ಆ ಲೈಬ್ರರಿಯ ಒಳಮನೆ ವಿಷಯ. ಬೇರೆ ಯಂತ್ರದಲ್ಲಿ ಬೇರೆ ಇರುತ್ತದೆ. ಇದನ್ನು ನಂಬಿಕೊಂಡು ಪ್ರೋಗ್ರಾಂ ಬರೆಯಬಾರದು. ಕೇಳಿದಷ್ಟು ಮಾತ್ರ ನಮ್ಮದು.

ಬೆಟ್ಟೆ ರಾಶಿ
ಇಲ್ಲಿ ಅಡಿಕೆ ಚರ್ಚೆ ಅಂದುಕೊಂಡು ಬಂದೆ. ಇವತ್ತು ರಾಶಿ ರೇಟ್ ಎಷ್ಟಾಯಿತು ಯಾರಿಗಾದರೂ ಗೊತ್ತಾ?

ಜೋಗದ ಗಾಳಿ
ರೇಟ್ ಆಮೇಲೆ. ನಿಮ್ಮ ಕಡೆ ಕೊಳೆ ರೋಗ ಹೇಗಿದೆ? ನಮ್ಮಲ್ಲಿ ಮಳೆ ಬಿಡುವೇ ಕೊಡುತ್ತಿಲ್ಲ, ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಆಗಿಲ್ಲ.

ಬೆಟ್ಟೆ ರಾಶಿ
ನಮ್ಮದೂ ಅದೇ ಕಥೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಕಲಸಿಟ್ಟಿದ್ದು ಹಾಗೇ ಉಳಿದು ಹಾಳಾಯಿತು. ಅದು ಕಲಸಿದ ದಿನವೇ ಹೊಡೆಯಬೇಕು.

ಲ್ಯಾಬ್ ಮೇಷ್ಟ್ರು
ಅಡಿಕೆಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ನಮ್ಮ ತೋಟದಲ್ಲೂ ಕೊಳೆ ಇದೆ. ಇಲ್ಲಿ ಹುಡುಗನ ಕೆಲಸ ಮುಗಿಸೋಣ.

ತುಂಗಾತೀರ
ಇಂಥ ತಪ್ಪು ಹಿಡಿಯುವುದಕ್ಕೆ ಏನಾದರೂ ದಾರಿ ಇದೆಯಾ? ಪ್ರತಿ ಸಲ ಬೈಟ್ ಎಣಿಸುತ್ತಾ ಕೂರಲು ಆಗುವುದಿಲ್ಲ.

ಸಾಗರದವನು
ವಾಲ್‌ಗ್ರಿಂಡ್ ಹಾಕಿ ಓಡಿಸಿ, ಮೆಮೊರಿ ತಪ್ಪು ಹುಡುಕುವ ಸಾಧನ ಅದು. 24 ಬೈಟ್ ತುಂಡು ಮುಗಿದ ತಕ್ಷಣದ ಜಾಗದಲ್ಲಿ 1 ಬೈಟ್ ಬರೆದಿದ್ದೀರಿ, ಇಂಥ ಸಾಲಿನಲ್ಲಿ ಅಂತ ಹೇಳುತ್ತದೆ. ತೀರ್ಥಹಳ್ಳಿಯಲ್ಲಿ ಮುಚ್ಚಿಹೋದ ತಪ್ಪನ್ನೂ ಬಿಡುವುದಿಲ್ಲ. ಜಿಸಿಸಿಯಲ್ಲೇ ಅಂಥದ್ದೇ ಅಡ್ರೆಸ್ ಸ್ಯಾನಿಟೈಜರ್ ಕೂಡ ಇದೆ. ಇವೆರಡು ಇದ್ದರೆ ಜಾಗ ಮೀರಿ ಬರೆಯುವ ಯಾವ ಓವರ್‌ಫ್ಲೋ ಕೂಡ ತಪ್ಪಿಸಿಕೊಳ್ಳುವುದಿಲ್ಲ.

ಆಗುಂಬೆ ಘಾಟಿ
ಕೊನೆಯ ಮಾತು ಒಪ್ಪುವುದಿಲ್ಲ. ಅವನ ಮೊದಲನೇ ತಪ್ಪು ಇವೆರಡಕ್ಕೂ ಸಿಗುತ್ತಿರಲಿಲ್ಲ. ತಾಲ್ಲೂಕು ಮತ್ತು ಮಾಲು ಒಂದೇ ಸ್ಟ್ರಕ್ಚರ್ ಒಳಗೆ ಇದ್ದವು. ಒಂದರಿಂದ ಇನ್ನೊಂದಕ್ಕೆ ಹರಿದರೂ ಅದು ಇವನದ್ದೇ ಜಾಗ, ಅವು ಕೇಳುವುದಿಲ್ಲ. ಜಿಸಿಸಿಗೆ ಫೋರ್ಟಿಫೈ ಸೋರ್ಸ್ 2 (ಕಾಪಿ ಮಾಡುವಾಗ ಜಾಗ ನೋಡುವ ಆಯ್ಕೆ) ಅಂತ ಹಾಕಿ, ಆಪ್ಟಿಮೈಸೇಷನ್ ಆನ್ ಮಾಡಿ ಕಂಪೈಲ್ ಮಾಡಿದ್ದರೆ ಸ್ಟ್ರ್‌ಕಾಪಿ ಅಲ್ಲೇ ನಿಲ್ಲಿಸುತ್ತಿತ್ತು.

ಸಾಗರದವನು
ಹೌದು, ನೀವು ಹೇಳಿದ್ದು ಸರಿ. ಸ್ಟ್ರಕ್ಚರ್ ಒಳಗಿನದ್ದು ಯೋಚಿಸಲಿಲ್ಲ.

ಕೊಡಚಾದ್ರಿ
ನಮ್ಮ ಕಾಲೇಜಲ್ಲಿ ಇವತ್ತಿಗೂ ಟರ್ಬೋ ಸಿ ನೀಲಿ ಪರದೆ, ಗೆಟ್ಸ್‌ನಲ್ಲೇ ಹೆಸರು ಓದಿಸುವುದು. ಈ ವಾಲ್‌ಗ್ರಿಂಡ್ ಹೆಸರೇ ಕೇಳಿಲ್ಲ.

ಲ್ಯಾಬ್ ಮೇಷ್ಟ್ರು
ಗೆಟ್ಸ್ ಕಲಿಸುವುದನ್ನು ನಾನು ಬಿಟ್ಟು ಎಷ್ಟೋ ವರ್ಷ ಆಯಿತು. ಜಾಗ ಎಷ್ಟಿದೆ ಅಂತ ಅದಕ್ಕೆ ಹೇಳುವ ದಾರಿಯೇ ಇಲ್ಲ. ಬಂದಷ್ಟೂ ಸುರಿಯುತ್ತದೆ. 1988ರಲ್ಲಿ ಮಾರಿಸ್ ವರ್ಮ್ (ತಾನಾಗಿ ಹರಡುವ ಪ್ರೋಗ್ರಾಂ) ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳಿಗೆ ಹರಡಿದಾಗ ಅದು ಬಳಸಿದ ದಾರಿಗಳಲ್ಲಿ ಒಂದು ಇದೇ. ಫಿಂಗರ್ ಅನ್ನುವ ಸೇವೆಯಲ್ಲಿ 512 ಬೈಟ್‌ನ ಜಾಗಕ್ಕೆ ಗೆಟ್ಸ್‌ನಿಂದ ಓದುತ್ತಿದ್ದರು. ವರ್ಮ್ ಅದಕ್ಕಿಂತ ಜಾಸ್ತಿ ಕಳಿಸಿತು, ಅಷ್ಟೇ. 2011ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಗೆಟ್ಸ್ ತೆಗೆದೇ ಹಾಕಿದರು. ಮಕ್ಕಳಿಗೆ ಇನ್ನೂ ಅದನ್ನೇ ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಫ್‌ಗೆಟ್ಸ್ ಬಳಸಿ. ಅದು ಎಂಟರ್ ಒತ್ತಿದ ಗುರುತನ್ನೂ ಸೇರಿಸಿ ಕೊಡುತ್ತದೆ, ಅದೊಂದು ತೆಗೆದುಹಾಕಬೇಕು.

ಮಂಡಿ ಹುಡುಗ
ಮತ್ತೆ ಬಂದೆ, ಬೇಸರ ಮಾಡಿಕೊಳ್ಳಬೇಡಿ. ಒಂದು ಕೂಡಿಸಿದ ಮೇಲೆ ಚೀಟಿ ಏಳೂ ತಾಲ್ಲೂಕಿಗೆ ಸರಿ ಬಂತು. ನಿನ್ನೆ ಸಂಜೆ ದಿನದ ಲೆಕ್ಕ ಫೈಲಿನಿಂದ ಓದಿ ತೋರಿಸಿದೆ, ಮಾವನಿಗೆ ಖುಷಿಯಾಯಿತು. ಇವತ್ತು ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿ ಅದೇ ಫೈಲ್ ತೆರೆದರೆ ಸೆಗ್ಮೆಂಟೇಷನ್ ಫಾಲ್ಟ್ ಅಂತ ಪ್ರೋಗ್ರಾಂ ನಿಂತುಹೋಯಿತು. ನಿನ್ನೆಯ ಒಂದು ಹೆಸರೂ ಇಲ್ಲ.

ಕೊಪ್ಪದ ಅಕ್ಕ
ಎಫ್‌ರೈಟ್ ಹಾಗೇ ಬಿಟ್ಟಿದ್ದೀಯಾ?

ಮಂಡಿ ಹುಡುಗ
ಹೌದು ಅಕ್ಕಾ. ಸ್ಟ್ರಕ್ಚರ್ ಇಡಿಯಾಗಿ ಬರೆಯುತ್ತೇನೆ.

ಕೊಪ್ಪದ ಅಕ್ಕ
ಈಗ ಸ್ಟ್ರಕ್ಚರ್ ಒಳಗೆ ಹೆಸರು ಇಲ್ಲ ತಮ್ಮಾ. ಹೆಸರು ಎಲ್ಲಿದೆ ಅನ್ನುವ ವಿಳಾಸ ಇದೆ. ಫೈಲಿಗೆ ಹೋಗಿದ್ದೂ ವಿಳಾಸವೇ, 8 ಬೈಟ್. ಸಂಜೆ ಅದೇ ಪ್ರೋಗ್ರಾಂ ಓಡುತ್ತಿತ್ತು, ಆ ವಿಳಾಸದಲ್ಲಿ ಹೆಸರೂ ಇತ್ತು. ಅದಕ್ಕೇ ಸರಿ ಕಂಡಿತು. ಪ್ರೋಗ್ರಾಂ ಮುಚ್ಚಿದ ಮೇಲೆ ಆ ಮನೆಯೇ ಇಲ್ಲ. ಮನೆ ನಂಬರ್ ಬರೆದಿಟ್ಟುಕೊಂಡು ಬೆಳಗ್ಗೆ ಹೋದರೆ ಬಯಲು.

ನಿನ್ನೆಯ ಚೀಟಿಗಳ ಕಾಗದದ ನಕಲು ಇದ್ದರೆ ಎತ್ತಿಡು. ಫೈಲಿನಲ್ಲಿ ತೂಕ ಸಿಗುತ್ತದೆ, ಹೆಸರು ಸಿಗುವುದಿಲ್ಲ.

ಮಂಡಿ ಹುಡುಗ
ಕಾರ್ಬನ್ ನಕಲು ಇದೆ. ಮಾವ ಅದನ್ನು ಮಾತ್ರ ಬಿಡಲಿಲ್ಲ. ಇವತ್ತು ರಾತ್ರಿ ಕೂತು ಮತ್ತೆ ಹಾಕುತ್ತೇನೆ.

ಜೋಗದ ಗಾಳಿ
ನೋಡಿ, ನಾನು ಮೊದಲನೇ ದಿನವೇ ಹೇಳಿದ್ದು 100 ಹಾಕು ಅಂತ. ಪಾಯಿಂಟರ್ ಮಾಡಿಸಿ ಹುಡುಗನ ಒಂದು ದಿನದ ಲೆಕ್ಕ ಕಳೆದಿರಿ.

ಸಾಗರದವನು
ಪಾಯಿಂಟರ್ ತಪ್ಪಲ್ಲ. ಫೈಲಿಗೆ ಬರೆಯುವಾಗ ಉದ್ದ ಮೊದಲು, ಆಮೇಲೆ ಹೆಸರು, ಹೀಗೆ ಬಿಡಿಸಿ ಬರೆಯಬೇಕಿತ್ತು. ಹೆಸರು ಎಷ್ಟು ಉದ್ದ ಬರುತ್ತದೋ ಗೊತ್ತಿಲ್ಲದಾಗ ಮ್ಯಾಲಕ್ ಬಿಟ್ಟು ದಾರಿ ಇಲ್ಲ. ಮುಗಿದ ಮೇಲೆ ಆ ಜಾಗ ಫ್ರೀ ಮಾಡಬೇಕು (ಹಿಂದಿರುಗಿಸಬೇಕು). ಮೊದಲು ಒಳಗಿನ ಹೆಸರುಗಳು, ಆಮೇಲೆ ಸ್ಟ್ರಕ್ಚರ್. ಇದನ್ನು ಕಲಿಯದೆ ಸಿ ಬರುತ್ತದೆ ಅನ್ನಲು ಆಗುವುದಿಲ್ಲ.

ಜೋಗದ ಗಾಳಿ
ಕಲಿಯುವುದು ಬೇರೆ, ಮಂಡಿ ನಡೆಯುವುದು ಬೇರೆ. ಅಲ್ಲಿ ಲಾರಿ ನಿಂತಿರುತ್ತದೆ. ಚೀಟಿ ಬರಬೇಕು.

ಲ್ಯಾಬ್ ಮೇಷ್ಟ್ರು
ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಪ್ರೋಗ್ರಾಂ ಮಟ್ಟಿಗೆ ನಾನು ಜೋಗದವರ ಕಡೆ. ಒಂದು ಚೀಟಿಗೆ ಒಂದು ಗೊತ್ತಾದ ಅಳತೆಯ ದಾಖಲೆ. ಹಾಗಿದ್ದರೆ ಎಫ್‌ರೈಟ್ ಸಲೀಸು, ಹತ್ತನೇ ಚೀಟಿ ಬೇಕೆಂದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಆದರೆ 100 ಹಾಕಿ ಸ್ಟ್ರ್‌ಕಾಪಿ ಮಾಡಿ ಕಣ್ಣು ಮುಚ್ಚುವುದಲ್ಲ. ಎಸ್ಎನ್‌ಪ್ರಿಂಟ್ಎಫ್ ಬಳಸು. ಜಾಗದ ಅಳತೆ ಕೊಟ್ಟರೆ ಅದು ಸೊನ್ನೆಯನ್ನು ಯಾವಾಗಲೂ ಹಾಕುತ್ತದೆ. ಪೂರ್ತಿ ಬರೆಯಲು ಸೊನ್ನೆ ಬಿಟ್ಟು ಎಷ್ಟು ಬೇಕಿತ್ತು ಅಂತ ತಿರುಗಿ ಹೇಳುತ್ತದೆ. ಅದು ನಿನ್ನ ಜಾಗದಷ್ಟೇ ಅಥವಾ ಜಾಸ್ತಿ ಇದ್ದರೆ ಹೆಸರು ಕತ್ತರಿಸಿದೆ ಅಂತ ಅರ್ಥ. ಆಗ ಚೀಟಿ ಕೊಡಬೇಡ, ಹೆಸರು ಉದ್ದವಾಯಿತು ಅಂತ ಪರದೆಯಲ್ಲಿ ತೋರಿಸು.

ಇನ್ನೊಂದು. ಅಳತೆಗೆ ಸೈಜ್ಆಫ್ ಬಳಸುವುದಾದರೆ ಸಾಲು ಸ್ಟ್ರಕ್ಚರ್ ಒಳಗೇ ಇರಬೇಕು. ಪಾಯಿಂಟರ್‌ಗೆ ಸೈಜ್ಆಫ್ ಕೇಳಿದರೆ 8 ಅನ್ನುತ್ತದೆ, ಹೆಸರಿನ ಜಾಗ ಹೇಳುವುದಿಲ್ಲ.

ಆಗುಂಬೆ ಘಾಟಿ
ಅಳತೆ ಬದಲಿಸುವ ಮುಂಚೆ ಕೇಳುತ್ತೇನೆ, ಪಾಯಿಂಟರ್‌ಗೆ ಮುಂಚಿನ ಹಳೇ ಫೈಲ್ ಇದೆಯಾ? 30 ಇದ್ದದ್ದನ್ನು ಬೇರೆ ಮಾಡಿದರೆ ದಾಖಲೆಯ ಉದ್ದವೇ ಬದಲಾಗುತ್ತದೆ. ಹಳೇ ಫೈಲನ್ನು ಹೊಸ ಸ್ಟ್ರಕ್ಚರ್‌ನಲ್ಲಿ ಓದಿದರೆ ಎಲ್ಲ ಕಲಸುಮೇಲೋಗರ. ಹಳೆಯದರಲ್ಲಿ ಓದಿ ಹೊಸದರಲ್ಲಿ ಬರೆಯುವ ಸಣ್ಣ ಪ್ರೋಗ್ರಾಂ ಒಂದು ಮಾಡಿಕೋ. ಮೊದಲು ಹಳೇ ಫೈಲ್ ಪೆನ್‌ಡ್ರೈವ್‌ಗೆ ಹಾಕಿಕೋ.

ಮಳೆಗಾಲ
ನನ್ನದೊಂದು ಪ್ರಶ್ನೆ. ತಾಲ್ಲೂಕು ಇರುವುದೇ ಏಳು. ಮೆನುವಿನಲ್ಲಿ 1ರಿಂದ 7 ಒತ್ತುತ್ತಾನೆ. ಆ ನಂಬರನ್ನೇ ಇಟ್ಟುಕೊಂಡರೆ ಸಾಕಲ್ವಾ? ಹೆಸರು ಪ್ರತಿ ಚೀಟಿಗೂ ಕಾಪಿ ಮಾಡುವುದು ಎಂಥಕ್ಕೆ?

ಕೊಪ್ಪದ ಅಕ್ಕ
ಇಷ್ಟು ಹೊತ್ತು ಇದು ನಮಗೆ ಯಾರಿಗೂ ಹೊಳೆಯಲಿಲ್ಲ ನೋಡಿ! ಹೌದು. ಏಳು ಹೆಸರಿನ ಪಟ್ಟಿ ಪ್ರೋಗ್ರಾಂನಲ್ಲಿ ಒಂದೇ ಕಡೆ, ಕಾನ್ಸ್ಟ್ (ಬದಲಾಗದ್ದು) ಅಂತ ಇಡು. ದಾಖಲೆಯಲ್ಲಿ ನಂಬರ್ ಮಾತ್ರ. ಮಾಲಿಗೂ ಹಾಗೇ. ಸರಕು, ಬೆಟ್ಟೆ, ರಾಶಿ, ಗೊರಬಲು, ನಾಲ್ಕೇ. ಪ್ರಿಂಟ್ ಮಾಡುವಾಗ ಪಟ್ಟಿಯಿಂದ ಹೆಸರು ತೆಗೆದರಾಯಿತು. ಬೆಳೆಗಾರರ ಹೆಸರಿಗೂ ಊರಿಗೂ ಮಾತ್ರ ಮೇಷ್ಟ್ರು ಹೇಳಿದ ಎಸ್ಎನ್‌ಪ್ರಿಂಟ್ಎಫ್.

ಸಾಗರದವನು
ಇದು ಒಳ್ಳೆಯ ದಾರಿ, ಒಪ್ಪುತ್ತೇನೆ. ಆದರೂ ತಮ್ಮಾ, ಮ್ಯಾಲಕ್ ಬಿಡಬೇಡ. ಬೇರೆ ಫೈಲಿನಲ್ಲಿ ಅಭ್ಯಾಸ ಮಾಡು.

ತುಂಗಾತೀರ
ಊರಿನ ಹೆಸರಿಗೂ ಒಂದು ಎಚ್ಚರ. ನಾನು ಹಿಂದೆ ಊರಿನ ಪ್ರಕಾರ ಲೆಕ್ಕ ಕೂಡಿಸುವಾಗ ರಿಪ್ಪನ್‌ಪೇಟೆ ಎರಡು ಸಲ ಬಂತು. ಪರದೆಯಲ್ಲಿ ನೋಡಿದರೆ ಎರಡೂ ಒಂದೇ. ಹೋಲಿಸಿ ನೋಡುವ ಸ್ಟ್ರ್‌ಕಂಪ್ ಬೇರೆ ಬೇರೆ ಅನ್ನುತ್ತಿತ್ತು. ಆಗ ಕಾರಣ ಸಿಗದೆ ಕೈಯಲ್ಲಿ ತಿದ್ದಿ ಬಿಟ್ಟಿದ್ದೆ.

ಆಗುಂಬೆ ಘಾಟಿ
"ನ್" ಆದ ಮೇಲೆ "ಪೇ" ಒತ್ತಾಗಬಾರದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತಾರೆ. ಅದಕ್ಕೂ 3 ಬೈಟ್. ಹಾಗೆ ಟೈಪ್ ಮಾಡಿದ ರಿಪ್ಪನ್‌ಪೇಟೆ 36 ಬೈಟ್. ಆ ಚಿಹ್ನೆ ಇಲ್ಲದಿದ್ದರೆ 33. ಎಷ್ಟೋ ಕಡೆ ಕೊನೆಗೊಂದು ಹಾಗೇ ಉಳಿದಿರುತ್ತದೆ, ಅದಂತೂ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ. ನಿಮ್ಮ ಎರಡು ಹೆಸರಿಗೂ ಸ್ಟ್ರ್‌ಲೆನ್ ಹಾಕಿ ನೋಡಿ, ಮೂರು ಬೈಟ್ ವ್ಯತ್ಯಾಸ ಸಿಗುತ್ತದೆ.

ತುಂಗಾತೀರ
36 ಮತ್ತು 39. ಮೂರೇ! ಕೊನೆಗೆ ಒಂದು ಉಳಿದಿತ್ತು. ಎರಡು ವರ್ಷದ ಹಿಂದಿನ ಪ್ರಶ್ನೆ ಇವತ್ತು ಬಗೆಹರಿಯಿತು.

ಮಂಡಿ ಹುಡುಗ
ಎಲ್ಲರಿಗೂ ಧನ್ಯವಾದ. ಹಳೇ ಫೈಲಿನಿಂದ ಮೂರು ವಾರದ ಚೀಟಿ ಹೊಸದಕ್ಕೆ ಬಂತು. ಕಾರ್ಬನ್ ನಕಲು ನೋಡಿಕೊಂಡು ಆ ಒಂದು ದಿನದ್ದೂ ಹಾಕಿದೆ, ಮಾವ ಓದಿ ಹೇಳಿದರು, ನಾನು ಟೈಪ್ ಮಾಡಿದೆ. ತಾಲ್ಲೂಕು ಮತ್ತು ಮಾಲು ಈಗ ನಂಬರ್. ಹೆಸರಿಗೂ ಊರಿಗೂ 200 ಬೈಟ್, ಎಸ್ಎನ್‌ಪ್ರಿಂಟ್ಎಫ್ ತಿರುಗಿ ಕೊಡುವುದನ್ನು ಪ್ರತಿ ಸಲ ನೋಡುತ್ತೇನೆ. ವಾಲ್‌ಗ್ರಿಂಡ್ ಏನೂ ಹೇಳಲಿಲ್ಲ.

ಒಂದು ಉಳಿದಿದೆ. ಚೀಟಿಯಲ್ಲಿ ಕಾಲಂ ನೇರ ನಿಲ್ಲುತ್ತಿಲ್ಲ. ಪ್ರಿಂಟ್ಎಫ್‌ನಲ್ಲಿ 40 ಅಗಲ ಕೊಟ್ಟರೂ ಸಾಗರ ಒಂದು ಕಡೆ, ತೀರ್ಥಹಳ್ಳಿ ಒಂದು ಕಡೆ.

ಲ್ಯಾಬ್ ಮೇಷ್ಟ್ರು
ಆ 40 ಕೂಡ ಬೈಟ್ ಲೆಕ್ಕ. ಸಾಗರಕ್ಕೆ 28 ಖಾಲಿ ಜಾಗ ಹಾಕುತ್ತದೆ, ತೀರ್ಥಹಳ್ಳಿಗೆ 10. ಹೊಸ ಚರ್ಚೆ ಶುರು ಮಾಡು, ಅಲ್ಲಿ ಹೇಳುತ್ತೇನೆ. ಇಲ್ಲಿ ಕರೆಂಟು ಹೋಯಿತು, ಬ್ಯಾಟರಿ ಕಡಿಮೆ ಇದೆ.